ಬೊಕ್ಕಸವೂ ಹೇಳದೆ ಉಳಿದ ಪಾಠವೂ

(ಬಾನುಲಿ ಭಾಷಣ)

ಸರ್ಕಾರವೊಂದು ಯಾವುದನ್ನು ಮುಖ್ಯವೆಂದು ಎಣಿಸುತ್ತದೆ ಎಂಬುದನ್ನು ಅರಿಯಬೇಕಾದರೆ ಅದರ ಮಂತ್ರಿಗಳ ಭಾಷಣಗಳನ್ನು ಓದುವುದಕ್ಕಿಂತ ಅದರ ಆಯವ್ಯಯದ ಪಟ್ಟಿಯನ್ನು ಓದುವುದು ಲೇಸು. ರಸ್ತೆಗೆಷ್ಟು, ಕೆರೆಗೆಷ್ಟು, ಸೈನ್ಯಕ್ಕೆಷ್ಟು ಎಂಬ ಲೆಕ್ಕದಲ್ಲಿ ಆಯಾ ಕಾಲದ ಆಸೆಗಳೂ ಅಂಜಿಕೆಗಳೂ ಅಡಗಿರುತ್ತವೆ. ಇಂಥ ಪಟ್ಟಿಗಳನ್ನು ಹಿಂದಿನಿಂದ ಈಚೆಗೆ ತಿರುವುತ್ತ ಬಂದರೆ ಒಂದು ಬಾಬು ಮಾತ್ರ ಕಾಲಕಾಲಕ್ಕೆ ಹೆಸರು ಬದಲಾಯಿಸಿಕೊಂಡು ಬರುವುದು ಕಾಣುತ್ತದೆ. ಒಮ್ಮೆ ಅದರ ಹೆಸರು ಸೈನಿಕರ ಆರೋಗ್ಯ; ಇನ್ನೊಮ್ಮೆ ಸಂತಾನ ನಿಯಂತ್ರಣ; ಮತ್ತೊಮ್ಮೆ ಕುಟುಂಬ ಯೋಜನೆ, ಜನಸಂಖ್ಯಾ ಶಿಕ್ಷಣ, ಏಡ್ಸ್ ನಿಯಂತ್ರಣ. ಈ ಹೆಸರುಗಳ ಹಿಂದೆ ಇರುವ ವಿಷಯ ಒಂದೇ: ಗಂಡಿಗೂ ಹೆಣ್ಣಿಗೂ ತಮ್ಮ ದೇಹಧರ್ಮದ ಬಗೆಗೆ ಇರಬೇಕಾದ ತಿಳಿವಳಿಕೆ. ಅದು ತನ್ನ ಸ್ವಂತ ಹೆಸರಿನಲ್ಲಿ ಬೊಕ್ಕಸದ ಮುಂದೆ ಬಂದು ನಿಂತದ್ದು ಬಹಳ ಅಪರೂಪ. ಈ ಹೆಸರು ಬದಲಾವಣೆಯ ಕಥೆಯನ್ನು, ಅದರಲ್ಲಿಯೂ ನಮ್ಮ ನಾಡಿಗೆ ತಗುಲಿದ ಭಾಗವನ್ನು, ಇಂದು ಸ್ವಲ್ಪ ವಿಚಾರ ಮಾಡಬಹುದು.

ಈ ವಿಷಯಕ್ಕಾಗಿ ನಮ್ಮ ದೇಶದಲ್ಲಿ ಆಧುನಿಕ ಸರ್ಕಾರವೊಂದು ಮೊದಲು ಹಣ ಬಿಚ್ಚಿದ್ದು ಪ್ರಜೆಗಳ ಮೇಲಣ ಮಮತೆಯಿಂದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ದಂಡಿನ ಬಿಳಿಯ ಸಿಪಾಯಿಗಳು ಗುಹ್ಯರೋಗಗಳಿಂದ ನರಳಿ ಕರ್ತವ್ಯಕ್ಕೆ ಒದಗದೆ ಹೋಗುತ್ತಿದ್ದರು. ಅದಕ್ಕಾಗಿ ದಂಡಿನ ಊರುಗಳಲ್ಲಿ ‘ಲಾಕ್ ಹಾಸ್ಪಿಟಲ್’ ಎಂಬ ಬಂಧನದ ಆಸ್ಪತ್ರೆಗಳು ನಡೆದವು. ಬೆಂಗಳೂರು, ಬಳ್ಳಾರಿಗಳ ದಂಡು ಪ್ರದೇಶಗಳಲ್ಲಿಯೂ ಇಂಥವು ಇದ್ದವು. 1864ರ ಕಂಟೋನ್ಮೆಂಟ್ ಕಾಯಿದೆ, 1868ರ ಸಾಂಕ್ರಾಮಿಕ ರೋಗಗಳ ಕಾಯಿದೆ ಇವುಗಳ ಬಲದಿಂದ ಸಿಪಾಯಿಗಳ ಬಳಿಗೆ ಹೋಗುವ ಹೆಂಗಸರ ಹೆಸರು ನೋಂದಾಯಿಸಿ, ಅವರನ್ನು ಬಲವಂತವಾಗಿ ಪರೀಕ್ಷೆಗೆ ಗುರಿಪಡಿಸಿ, ರೋಗವಿದ್ದರೆ ಕೂಡಿಹಾಕುತ್ತಿದ್ದರು. ರೋಗ ಇಬ್ಬರದಾದರೂ ನೋಂದಣಿ, ಪರೀಕ್ಷೆ, ಬಂಧನಗಳು ಒಬ್ಬರ ಪಾಲಿಗೆ ಮಾತ್ರ. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಮೊದಲಾದವರು ನಡೆಸಿದ ಚಳವಳಿಯ ಫಲವಾಗಿ ಅಲ್ಲಿಯ ಕಾಯಿದೆಯೂ, ಆಮೇಲೆ 1888ರಲ್ಲಿ ಇಲ್ಲಿಯ ಕಾಯಿದೆಯೂ ರದ್ದಾದವು. ಆ ಹಣದಲ್ಲಿ ತಿಳಿವಳಿಕೆಗೆಂದು ಒಂದು ಕಾಸೂ ಇರಲಿಲ್ಲ. ಆದರೂ ಈ ಪ್ರಸಂಗವನ್ನು ಮೊದಲು ಹೇಳಿದ್ದಕ್ಕೆ ಕಾರಣವುಂಟು. ಸರ್ಕಾರದ ಬೊಕ್ಕಸ ಈ ವಿಷಯದಲ್ಲಿ ಭಯದಿಂದ ಮಾತ್ರ ತೆರೆಯುತ್ತದೆ ಎಂಬ ರೂಢಿಗೆ ಅಂದೇ ಬುನಾದಿ ಬಿದ್ದಿತು.

ಈ ರೂಢಿಯನ್ನು ಕೊಂಚ ಮಟ್ಟಿಗಾದರೂ ಮುರಿದ ಕೀರ್ತಿ ಮೈಸೂರು ಸಂಸ್ಥಾನಕ್ಕೆ ಸಲ್ಲಬೇಕು. 1930ರ ಜೂನ್ 11ರಂದು ಮೈಸೂರು ಸರ್ಕಾರ ಹೊರಡಿಸಿದ ಆಜ್ಞೆಯ ಪ್ರಕಾರ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಚಿಕಿತ್ಸಾಲಯಗಳು ಏರ್ಪಾಡಾದವು. ಸರ್ಕಾರವೊಂದು ತನ್ನ ಹಣದಿಂದ ಇಂಥ ಚಿಕಿತ್ಸಾಲಯವನ್ನು ತೆರೆದದ್ದು ಪ್ರಪಂಚದಲ್ಲಿಯೇ ಅದು ಮೊದಲು ಎಂದು ಈ ವಿಷಯದ ಚರಿತ್ರೆಕಾರರು ಬರೆದಿದ್ದಾರೆ. ನಾಲ್ವಡಿ ಕೃಷ್ಣರಾಜ ಒಡೆಯರು ಸಿಂಹಾಸನದಲ್ಲಿದ್ದರು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದರು. ಅದೇ ವರ್ಷದ ಏಪ್ರಿಲ್ 1ರಿಂದ ಬ್ರಿಟಿಷ್ ಇಂಡಿಯದಲ್ಲಿ ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯಿದೆ ಜಾರಿಗೆ ಬಂದಿತ್ತು. ಆದರೆ ಮೈಸೂರಿಗೆ ಅದು ಹೊಸ ಮಾತಾಗಿರಲಿಲ್ಲ. ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನು ಅಪರಾಧವೆಂದು ಸಾರಿದ ಕಾಯಿದೆಯನ್ನು ಈ ಸಂಸ್ಥಾನ 1894ರಲ್ಲಿಯೇ ಮಾಡಿತ್ತು. ಎಂಟು ವರ್ಷವೆಂದರೆ ಇಂದು ನಮಗೆ ಎದೆ ಝಲ್ಲೆನ್ನಬಹುದು. ಅಂದಿಗೆ ಅದು ಸುಧಾರಣೆ.

ನೆರೆಯ ಮದರಾಸಿನಲ್ಲಿ 1928ರಲ್ಲಿ ಕೆಲವು ನ್ಯಾಯವಾದಿಗಳು, ಅಧಿಕಾರಿಗಳು ಕೂಡಿ ನವ ಮಾಲ್ಥಸ್ ಸಂಘವನ್ನು ಕಟ್ಟಿದ್ದರು. ಪತ್ರಿಕೆಗಳಲ್ಲಿ ಚರ್ಚೆ ನಡೆಯುತ್ತಿತ್ತು. ಆದರೆ ಬ್ರಿಟಿಷ್ ಇಂಡಿಯದ ಸರ್ಕಾರ ಇದಕ್ಕೆ ಕೈಹಾಕಲಿಲ್ಲ. ಪ್ರಜೆಗಳ ಧರ್ಮಾಚಾರಗಳಲ್ಲಿ ತಲೆಹಾಕಬಾರದೆಂಬ ಎಚ್ಚರ ಅದಕ್ಕೆ. ತಮ್ಮ ದೇಶದಲ್ಲಿಯೇ ಚರ್ಚಿನವರು, ವೈದ್ಯರು ಒಮ್ಮತಕ್ಕೆ ಬಾರದ ವಿಷಯವೆಂಬ ಅಳುಕೂ ಇದ್ದಿರಬೇಕು. ಅಂಥ ಹೊತ್ತಿನಲ್ಲಿ ದೇಶೀಯ ಸಂಸ್ಥಾನವೊಂದು ಹಣ ಕೊಟ್ಟು, ಇದು ಆಸ್ಪತ್ರೆಯಲ್ಲಿ ನಡೆಯಬೇಕಾದ ಮರ್ಯಾದೆಯ ಕೆಲಸವೆಂದು ಒಪ್ಪಿದ್ದು ಸಣ್ಣ ಸಂಗತಿಯಲ್ಲ. ವರ್ಷಕ್ಕೊಂದರಂತೆ ಹೆತ್ತು ಬಸವಳಿದ ಹೆಂಗಸು, ಇನ್ನೊಂದು ಹೆರಿಗೆಯಾದರೆ ಬದುಕುವುದು ಕಷ್ಟವೆಂದು ವೈದ್ಯರಿಂದ ಹೇಳಿಸಿಕೊಂಡ ಹೆಂಗಸು, ಆ ಹೆರಿಗೆಯನ್ನು ತಡೆಯುವುದು ಹೇಗೆ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳುವುದಕ್ಕೆ ಅಲ್ಲಿ ಅವಕಾಶವಾಯಿತು.

ಹಾಗೆಂದು ಅದರ ಮಿತಿಯನ್ನು ಮರೆಯುವಂತಿಲ್ಲ. ಬೆರಳೆಣಿಕೆಯ ಆಸ್ಪತ್ರೆಗಳು ಪಟ್ಟಣಗಳಲ್ಲಿದ್ದವು, ಜನ ಹಳ್ಳಿಗಳಲ್ಲಿದ್ದರು. ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದವಳಿಗೆ ಉತ್ತರವುಂಟು. ಪ್ರಶ್ನೆಯನ್ನು ಕೇಳಬಹುದೆಂಬುದೇ ತಿಳಿಯದವಳಿಗೆ ಅದು ಎಷ್ಟರ ಮಟ್ಟಿಗೆ ಒದಗೀತು? ಶಾಲೆಗೂ ಈ ಏರ್ಪಾಟಿಗೂ ಸಂಬಂಧವಿರಲಿಲ್ಲ. ಉಪಾಯವನ್ನು ವೈದ್ಯರ ಕೈಗೂ, ತಿಳಿವಳಿಕೆಯನ್ನು ಅಜ್ಜಿಯ ಪಿಸುಮಾತಿಗೂ ಹಂಚಿಕೊಟ್ಟಂತಾಯಿತು. ಈ ಹಂಚಿಕೆ ಮುಂದೆ ಬಹಳ ಕಾಲ ಉಳಿದುಕೊಂಡಿತು.

ತಿಳಿವಳಿಕೆಯ ಕೆಲಸವನ್ನು ಸರ್ಕಾರದ ಆಸರೆಯಿಲ್ಲದೆ ಕೈಗೆತ್ತಿಕೊಂಡವರ ಪಾಡೇನಾಯಿತೆಂಬುದಕ್ಕೆ ಮುಂಬಯಿಯ ರಘುನಾಥ ಧೋಂಡೋ ಕರ್ವೆಯವರ ಬಾಳೇ ಸಾಕ್ಷಿ. ವಿಧವೆಯರ ವಿದ್ಯಾಭ್ಯಾಸಕ್ಕಾಗಿ ಬಾಳನ್ನೇ ಮುಡಿಪಾಗಿಟ್ಟ ಮಹರ್ಷಿ ಕರ್ವೆಯವರ ಮಗ ಇವರು, ಗಣಿತದ ಪ್ರಾಧ್ಯಾಪಕರು. 1921ರಲ್ಲಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರವನ್ನು ತೆರೆದರು. ಈ ಪ್ರಚಾರದ ದೆಸೆಯಿಂದ 1925ರಲ್ಲಿ ಕಾಲೇಜಿನ ಕೆಲಸ ಹೋಯಿತು. 1927ರಲ್ಲಿ ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಪತ್ರಿಕೆಯನ್ನು ಆರಂಭಿಸಿ 1953ರಲ್ಲಿ ತಾವು ತೀರಿಕೊಳ್ಳುವವರೆಗೂ ನಡೆಸಿದರು. ವಾಚಕರು ನಾಚಿಕೆ ಬಿಟ್ಟು ಕೇಳಿದ ಪ್ರಶ್ನೆಗಳಿಗೆ ಕರ್ವೆ ಮುಚ್ಚುಮರೆಯಿಲ್ಲದೆ ಉತ್ತರ ಬರೆಯುತ್ತಿದ್ದರು. ಆ ಉತ್ತರಗಳು ಅಶ್ಲೀಲವೆಂದು ಮೊಕದ್ದಮೆಗಳು ನಡೆದವು. 1934ರ ಮೊಕದ್ದಮೆಯಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡ್ಕರ್. ಲೈಂಗಿಕ ವಿಷಯವನ್ನು ಕುರಿತು ಬರೆದದ್ದೆಲ್ಲ ಅಶ್ಲೀಲವಾಗಲಾರದು ಎಂದು ಅವರು ವಾದಿಸಿದರೂ ತೀರ್ಪು ಕರ್ವೆಯವರ ವಿರುದ್ಧವಾಯಿತು, ದಂಡ ತೆರಬೇಕಾಯಿತು. ಆ ಪ್ರಾಂತದ ಸರ್ಕಾರಿ ಹಣ ಈ ವಿಷಯಕ್ಕೆ ಖರ್ಚಾದದ್ದು ಹೀಗೆ: ಉತ್ತರ ಹೇಳಿದವನ ಮೇಲೆ ಮೊಕದ್ದಮೆ ಹೂಡುವುದಕ್ಕೆ.

ಅಂಬೇಡ್ಕರರು ಇದನ್ನು ಅಲ್ಲಿಗೇ ಬಿಡಲಿಲ್ಲ. 1938ರ ನವೆಂಬರ್ 10ರಂದು ಮುಂಬಯಿ ಶಾಸನಸಭೆಯ ಮುಂದೆ ಒಂದು ಗೊತ್ತುವಳಿ ಬಂದಿತು. ಅದನ್ನು ಸಿದ್ಧಪಡಿಸಿದವರು ಅಂಬೇಡ್ಕರರು. ಅಂದು ಅವರು ಸಭೆಯಲ್ಲಿ ಇರಲಿಲ್ಲವಾದ್ದರಿಂದ ಅವರ ಸ್ವತಂತ್ರ ಕಾರ್ಮಿಕ ಪಕ್ಷದ ಪಿ. ಜೆ. ರೋಹಮ್ ಮಂಡಿಸಿದರು. ಸಂತಾನ ನಿಯಂತ್ರಣದ ತಿಳಿವಳಿಕೆಯನ್ನು ಜನಸಾಮಾನ್ಯರಲ್ಲಿ ಹರಡುವುದಕ್ಕೆ ಸರ್ಕಾರ ತೀವ್ರವಾದ ಪ್ರಚಾರ ಕೈಗೊಳ್ಳಬೇಕು, ಬೇಕಾದ ಅನುಕೂಲಗಳನ್ನು ಒದಗಿಸಬೇಕು ಎಂಬುದು ಅದರ ಸಾರ. ಎಂದರೆ ಉಪಾಯಕ್ಕೂ ಹಣ ಬೇಕು, ಮಾತಿಗೂ ಹಣ ಬೇಕು ಎಂದು ಎರಡನ್ನೂ ಕೂಡಿಸಿ ಕೇಳಿದ ಬೇಡಿಕೆ ಅದು. ಹೆರುವ ಹೆಂಗಸಿನ ಸಂಕಟವನ್ನೂ, ಬಡವನ ಮನೆಯ ಒಲೆಯನ್ನೂ ಮುಂದಿಟ್ಟು ಮಾಡಿದ ವಾದವದು. ಗೊತ್ತುವಳಿಗೆ ಪರವಾಗಿ 11, ವಿರೋಧವಾಗಿ 52 ಮತಗಳು ಬಂದವು. ಸೋತಿತು. ಆ ಬೇಡಿಕೆ ಅಷ್ಟು ನೇರವಾಗಿ ಶಾಸನಸಭೆಯೊಂದರ ಮುಂದೆ ಮತ್ತೆ ಬರುವುದಕ್ಕೆ ಬಹಳ ಕಾಲ ಹಿಡಿಯಿತು.

ವಿರೋಧಿಸಿದವರೆಲ್ಲರೂ ಹಿಂದುಳಿದ ಮನಸ್ಸಿನವರೆಂದು ತಳ್ಳಿಬಿಡುವುದು ಸರಿಯಲ್ಲ. ಅವರ ಬೆನ್ನಿಗೆ ಗಾಂಧೀಜಿಯವರ ನೈತಿಕ ಬಲವಿತ್ತು. ಅಮೆರಿಕದ ಮಾರ್ಗರೆಟ್ ಸ್ಯಾಂಗರ್ 1935ರ ಡಿಸೆಂಬರ್ ತಿಂಗಳಲ್ಲಿ ವಾರ್ಧಾಕ್ಕೆ ಬಂದು ಅವರನ್ನು ಕಂಡು ಬಹಳ ಹೊತ್ತು ಚರ್ಚಿಸಿದರು. ಹೆಣ್ಣು ಗಂಡನಿಗೆ ‘ಬೇಡ’ವೆನ್ನಲು ಕಲಿಯಬೇಕು, ಗಂಡು ಸಂಯಮವನ್ನು ಕಲಿಯಬೇಕು, ಕೃತಕ ಸಾಧನಗಳು ಇಬ್ಬರನ್ನೂ ದುರ್ಬಲಗೊಳಿಸುತ್ತವೆ ಎಂಬುದು ಗಾಂಧೀಜಿಯವರ ನಿಲುವು. ತಿಂಗಳಿನಲ್ಲಿ ಗರ್ಭ ನಿಲ್ಲದ ದಿನಗಳನ್ನು ಅನುಸರಿಸುವ ‘ಸುರಕ್ಷಿತ ಕಾಲ’ದ ವಿಧಾನ ಮಾತ್ರ ಉಳಿದವುಗಳಷ್ಟು ಅಸಹ್ಯವೆನಿಸುವುದಿಲ್ಲವೆಂದು ಅವರು ಒಪ್ಪಿದರು. ಅದಾದ ಕೆಲವೇ ದಿನಗಳಲ್ಲಿ ತಿರುವನಂತಪುರದಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನ ಸ್ಯಾಂಗರರ ಮಾತು ಕೇಳಿ ಸಂತಾನ ನಿಯಂತ್ರಣದ ಪರವಾಗಿ ನಿಂತಿತು. ಗಾಂಧೀಜಿಯವರು ಹೆಂಗಸರ ಪರವಾಗಿ ಮಾತನಾಡುತ್ತಿದ್ದರು. ಹೆಂಗಸರು ತಾವೇ ಬೇರೆ ಮಾತು ಆಡಿದರು. ಆದರೂ ಒಂದು ಅಂಶದಲ್ಲಿ ಗಾಂಧೀಜಿಯವರು ದೊಡ್ಡವರು: ಈ ವಿಷಯವನ್ನು ಅವರು ಬಚ್ಚಿಡಲಿಲ್ಲ, ತಮ್ಮ ಪತ್ರಿಕೆಯ ಪುಟಗಳಲ್ಲಿ ಎಲ್ಲರೆದುರು ಚರ್ಚಿಸಿದರು. ಅವರ ಅನಂತರದವರು ನಿಲುವನ್ನು ಇಟ್ಟುಕೊಂಡರು, ಆ ಬಿಚ್ಚುಮಾತನ್ನು ಕೈಬಿಟ್ಟರು.

ಸ್ವತಂತ್ರ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ಸರ್ಕಾರದ ಅಧಿಕೃತ ಕಾರ್ಯಕ್ರಮವಾಗಿ ಕೈಗೊಂಡ ಮೊದಲ ದೇಶವಾಯಿತು. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಅದಕ್ಕಾಗಿ ತೆಗೆದಿಟ್ಟ ಹಣ 65 ಲಕ್ಷ ರೂಪಾಯಿ. ಅದರಲ್ಲಿ ಹೆಚ್ಚಿನ ಪಾಲು ಖರ್ಚೇ ಆಗದೆ ಉಳಿಯಿತು. ಆರೋಗ್ಯ ಮಂತ್ರಿಗಳಾಗಿದ್ದ ರಾಜಕುಮಾರಿ ಅಮೃತ ಕೌರ್ ಗಾಂಧೀಜಿಯವರ ಶಿಷ್ಯೆ. ಸುರಕ್ಷಿತ ಕಾಲದ ವಿಧಾನವೊಂದನ್ನು ಬಿಟ್ಟು ಬೇರೆಯದಕ್ಕೆ ಅವರ ಮನಸ್ಸು ಒಪ್ಪಲಿಲ್ಲ. ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆ ನ್ಯೂಯಾರ್ಕಿನ ಡಾ. ಅಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿಕೊಟ್ಟಿತು. ಪ್ರಯೋಗಕ್ಕೆ ಆರಿಸಿದ ಎಡೆಗಳು ಎರಡು. ಒಂದು ದೆಹಲಿಯ ಲೋದಿ ಕಾಲೋನಿ. ಇನ್ನೊಂದು ನಮ್ಮ ರಾಮನಗರ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಬಂಡೆಗಳ ನಡುವೆ ಇರುವ, ರೇಷ್ಮೆ ಗೂಡಿನ ವ್ಯಾಪಾರಕ್ಕೆ ಹೆಸರಾದ ಆ ಊರಿನಲ್ಲಿ ಗಂಡಹೆಂಡಿರಿಗೆ ದಿನ ಎಣಿಸುವ ಲೆಕ್ಕವನ್ನು ಕಲಿಸುವ ಪ್ರಯತ್ನ ನಡೆಯಿತು. ಓದುಬರಹ ತಿಳಿಯದವರಿಗಾಗಿ ಬಣ್ಣಬಣ್ಣದ ಮಣಿಗಳ ಸರವನ್ನು ರೂಪಿಸಿದರು. ದಿನಕ್ಕೊಂದು ಮಣಿಯನ್ನು ಸರಿಸಬೇಕು. ಹಸಿರು ಮಣಿ ಬಂದ ದಿನ ಭಯವಿಲ್ಲ, ಕೆಂಪು ಮಣಿ ಬಂದ ದಿನ ದೂರವಿರಬೇಕು. ಕಲಿಯುತ್ತೇವೆಂದವರು ಬಹಳ ಮಂದಿ. ಕೊನೆಯವರೆಗೆ ನಡೆಸಿದವರು ಕೆಲವರೇ. ಮಣಿಯನ್ನು ಸರಿಸುವುದರಲ್ಲಿಯೇ ಏನೋ ಮಹಿಮೆಯಿದೆಯೆಂದು ಕೆಲವರು ನಂಬಿದ್ದರೆಂಬ ಕಥೆ ಆಮೇಲೆ ಪ್ರಪಂಚವೆಲ್ಲ ಹರಡಿತು. ವಿದ್ವಾಂಸರು ಅದನ್ನು ಹೇಳಿ ನಕ್ಕರು. ನಗುವ ಮೊದಲು ಸ್ವಲ್ಪ ಯೋಚಿಸಬೇಕು. ಜಪಸರದ ಮಣಿಯನ್ನು ಎಣಿಸಿದರೆ ಪುಣ್ಯವೆಂದು ತಲೆಮಾರುಗಳಿಂದ ಕೇಳುತ್ತ ಬಂದವರ ಕೈಗೆ ಇನ್ನೊಂದು ಸರವನ್ನು ಕೊಟ್ಟರೆ ಅವರು ಹಾಗೆ ತಿಳಿದದ್ದರಲ್ಲಿ ಆಶ್ಚರ್ಯವೇನು? ತನ್ನ ದೇಹದ ಒಳಗೆ ತಿಂಗಳು ತಿಂಗಳು ಏನು ನಡೆಯುತ್ತದೆಂದು ಹುಡುಗಿಯಾಗಿದ್ದಾಗಲೇ ತಿಳಿದುಕೊಂಡವಳಿಗೆ ಕೆಂಪು ಮಣಿಯ ಅರ್ಥ ಒಂದು ನಿಮಿಷದ ಮಾತು. ಅದು ತಿಳಿಯದವಳಿಗೆ ಮಣಿ ಬರಿಯ ಮಣಿ.

ಅದೇ ಹೊತ್ತಿನಲ್ಲಿ, 1951–52ರಲ್ಲಿ, ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ಮೈಸೂರು ರಾಜ್ಯದಲ್ಲಿ ವಿಸ್ತಾರವಾದ ಜನಸಂಖ್ಯಾ ಸಮೀಕ್ಷೆಯೊಂದನ್ನು ನಡೆಸಿದವು. ಅದರ ವರದಿ 1961ರಲ್ಲಿ ಪ್ರಕಟವಾಯಿತು. ಹಳ್ಳಿಯ ಗಂಡಸರನ್ನೂ ಹೆಂಗಸರನ್ನೂ ಎಷ್ಟು ಮಕ್ಕಳು ಸಾಕು, ಏಕೆ ಸಾಕು ಎಂದು ಕೇಳಿದ ಆರಂಭದ ಸಮೀಕ್ಷೆಗಳಲ್ಲಿ ಅದೊಂದು. ಕೇಳಿದರೆ ಜನ ಸಿಟ್ಟಾಗಿ ಬಾಗಿಲು ಹಾಕಿಕೊಳ್ಳುತ್ತಾರೆಂಬ ಶಂಕೆ ಅಧಿಕಾರಿಗಳಿಗಿತ್ತು. ಮನೆಯೊಳಕ್ಕೆ ಕರೆದು ಕೂರಿಸಿ ಮರ್ಯಾದೆಯಿಂದ ಕೇಳಿದವರಿಗೆ ಜನ ಮರ್ಯಾದೆಯಿಂದಲೇ ಉತ್ತರ ಕೊಟ್ಟರು. ಇದು ಮುಂದಿನವರು ನೆನಪಿಡಬೇಕಾಗಿದ್ದ ಸಂಗತಿ.

ಆಮೇಲೆ ಹಣದ ಹೊಳೆ ಹರಿಯಿತು. ಎರಡನೆಯ ಯೋಜನೆಯಲ್ಲಿ ಸುಮಾರು 5 ಕೋಟಿ, ಮೂರನೆಯದರಲ್ಲಿ 27 ಕೋಟಿ, ನಾಲ್ಕನೆಯ ಯೋಜನೆಗೆ ಬರುವ ಹೊತ್ತಿಗೆ 300 ಕೋಟಿ ರೂಪಾಯಿಗೂ ಮೀರಿತು. ಹೆಚ್ಚುವ ಜನಸಂಖ್ಯೆಯ ಭಯ ದೇಶವನ್ನು ಹಿಡಿದಿತ್ತು. ಅರುವತ್ತರ ದಶಕದ ಕ್ಷಾಮ ಆ ಭಯಕ್ಕೆ ತುಪ್ಪ ಹೊಯ್ದಿತು. 1965ರಲ್ಲಿ ವಂಕಿ ಬಂದಿತು. 1968ರಲ್ಲಿ ನಿರೋಧ್ ಬಂದಿತು. ಮೂರಕ್ಕೆ 15 ಪೈಸೆ, ಚಹಾ ಸಾಬೂನು ಮಾರುವ ಕಂಪೆನಿಗಳೇ ಅದನ್ನು ಹಳ್ಳಿಯ ಪೆಟ್ಟಿಗೆ ಅಂಗಡಿಗಳಿಗೆ ಮುಟ್ಟಿಸಿದವು. ಬಸ್ಸುಗಳ ಹಿಂಬದಿಯಲ್ಲಿ, ಆಸ್ಪತ್ರೆಯ ಗೋಡೆಗಳ ಮೇಲೆ ಕೆಂಪು ತ್ರಿಕೋನ ಮೂಡಿತು. ನಗುವ ಗಂಡ, ಹೆಂಡತಿ, ಎರಡು ಮಕ್ಕಳು. 1971ರ ಜುಲೈ ತಿಂಗಳಿನಲ್ಲಿ ಕೇರಳದ ಎರ್ನಾಕುಲಂ ಶಿಬಿರವೊಂದರಲ್ಲಿಯೇ 60 ಸಾವಿರಕ್ಕೂ ಹೆಚ್ಚು ಗಂಡಸರು ಆಪರೇಷನ್ ಮಾಡಿಸಿಕೊಂಡರು. ಎಲ್ಲವೂ ಸಂಖ್ಯೆಯ ಮಾತು. ಇಷ್ಟು ಆಪರೇಷನ್, ಇಷ್ಟು ವಂಕಿ, ಇಷ್ಟು ಗುರಿ, ಇಷ್ಟು ಸಾಧನೆ.

ಶಾಲೆಗಳಿಗೆ ಏನು ಬಂದಿತೆಂದು ಕೇಳಬಹುದು. 1969ರ ಆಗಸ್ಟ್ ತಿಂಗಳಲ್ಲಿ ಮುಂಬಯಿಯಲ್ಲಿ ನಡೆದ ರಾಷ್ಟ್ರೀಯ ವಿಚಾರಗೋಷ್ಠಿ ‘ಜನಸಂಖ್ಯಾ ಶಿಕ್ಷಣ’ವನ್ನು ಶಾಲೆಗಳಲ್ಲಿ ಕೊಡಬೇಕೆಂದು ಶಿಫಾರಸು ಮಾಡಿತು. 1980ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ನೆರವಿನಿಂದ ಅದು ದೇಶವ್ಯಾಪಿ ಯೋಜನೆಯಾಯಿತು. ಆದರೆ ಇದು ಲೈಂಗಿಕ ಶಿಕ್ಷಣವಲ್ಲ, ಅದೇ ಬೇರೆ ಇದೇ ಬೇರೆ ಎಂದು ಮೊದಲಿನಿಂದಲೂ ಹೇಳಿಕೊಂಡು ಬಂದರು. ಆದ್ದರಿಂದ ಹುಡುಗರು ದೇಶದ ಜನಸಂಖ್ಯೆಯ ರೇಖಾಚಿತ್ರವನ್ನು ಬರೆದರು. ಚದರ ಮೈಲಿಗೆ ಎಷ್ಟು ಜನರೆಂದು ಬಾಯಿಪಾಠ ಮಾಡಿದರು. ಆ ಜನ ಹುಟ್ಟಿ ಬಂದದ್ದು ಹೇಗೆಂಬುದು ಪಾಠದಲ್ಲಿ ಇರಲಿಲ್ಲ. ಜೀವಶಾಸ್ತ್ರದ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಅಧ್ಯಾಯವಿದ್ದರೆ, ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಮೇಷ್ಟರು ಮುಂದಿನ ಅಧ್ಯಾಯಕ್ಕೆ ದಾಟಿದ್ದನ್ನು ಬಲ್ಲ ವಿದ್ಯಾರ್ಥಿಗಳು ಮೂರು ತಲೆಮಾರಿನಲ್ಲಿಯೂ ಸಿಕ್ಕುತ್ತಾರೆ.

ಬಾಯಿ ತೆರೆಯದ ಸರ್ಕಾರ ಕೈ ಮಾಡಿದರೆ ಏನಾಗುತ್ತದೆಂಬುದನ್ನು ತುರ್ತು ಪರಿಸ್ಥಿತಿಯ ದಿನಗಳು ತೋರಿಸಿದವು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಉತ್ತರ ಭಾರತದ ಹಳ್ಳಿಗಳಲ್ಲಿ ಜೀಪು ಕಂಡರೆ ಗಂಡಸರು ಹೊಲಗಳಿಗೆ ಓಡಿ ಅವಿತುಕೊಳ್ಳುವ ಸ್ಥಿತಿ ಬಂದಿತು. 1977ರ ಚುನಾವಣೆ ಅದಕ್ಕೆ ಉತ್ತರ ಕೊಟ್ಟಿತು. ‘ಕುಟುಂಬ ಯೋಜನೆ’ ಎಂಬ ಹೆಸರನ್ನು ಬಿಟ್ಟು ‘ಕುಟುಂಬ ಕಲ್ಯಾಣ’ ಎಂದು ಕರೆಯಲಾಯಿತು. ಇಪ್ಪತ್ತೈದು ವರ್ಷ ಖರ್ಚು ಮಾಡಿ ಗಳಿಸಿದ ಅಷ್ಟಿಷ್ಟು ವಿಶ್ವಾಸ ಇಪ್ಪತ್ತೊಂದು ತಿಂಗಳಲ್ಲಿ ಕರಗಿಹೋಯಿತು. ಗಂಡಸರು ಆಪರೇಷನ್ನಿಂದ ಹಿಂದೆ ಸರಿದರು; ಭಾರವೆಲ್ಲ ಹೆಂಗಸರ ಮೇಲೆ ಬಿದ್ದು ಅಲ್ಲಿಯೇ ಉಳಿಯಿತು.

ಈ ನಡುವೆ ಹೇಳಬೇಕಾದ ಮಾತನ್ನು ಕನ್ನಡದಲ್ಲಿ ಯಾರೂ ಹೇಳಲಿಲ್ಲವೆ? ಹೇಳಿದರು, ಸರ್ಕಾರದ ಹಣದಿಂದಲ್ಲ, ಓದುಗರ ಕಾಸಿನಿಂದ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನರ ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’ ಪುಸ್ತಕಗಳು ಎಷ್ಟು ಮನೆಗಳನ್ನು ಹೊಕ್ಕವೆಂಬುದನ್ನು ಈ ಪುಟದ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಮದುವೆಯ ಉಡುಗೊರೆಯಾಗಿ ಕೊಟ್ಟವರುಂಟು. ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು ಓದಿದವರೂ ಉಂಟು. ಶುದ್ಧವಾದ ಕನ್ನಡದಲ್ಲಿ, ನಾಚಿಕೆಯೂ ಇಲ್ಲದೆ ಚಪಲವೂ ಇಲ್ಲದೆ, ಇದನ್ನು ಹೇಳಬಹುದೆಂದು ಆ ಪುಸ್ತಕಗಳು ತೋರಿಸಿಕೊಟ್ಟವು. ಆದರೆ ಪುಸ್ತಕ ಕೊಳ್ಳಬಲ್ಲ, ಓದಬಲ್ಲ ಮನೆಗೆ ಮಾತ್ರ ಅದು ಮುಟ್ಟೀತು. ಎಲ್ಲ ಮನೆಗಳನ್ನೂ ಮುಟ್ಟುವುದು ಶಾಲೆಯೊಂದೇ. ಶಾಲೆಯ ಬಾಗಿಲ ಬೀಗದ ಕೈ ಸರ್ಕಾರದ ಸೊಂಟದಲ್ಲಿತ್ತು.

ಆ ಬಾಗಿಲನ್ನು ಕೊನೆಗೆ ತಟ್ಟಿದ್ದು ಇನ್ನೊಂದು ಭಯ. 1986ರಲ್ಲಿ ಮದರಾಸಿನಲ್ಲಿ ಎಚ್.ಐ.ವಿ. ಸೋಂಕು ಮೊದಲಿಗೆ ಪತ್ತೆಯಾಯಿತು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಹುಟ್ಟಿತು. ವಿಶ್ವಬ್ಯಾಂಕು 84 ದಶಲಕ್ಷ ಡಾಲರು ಸಾಲ ಕೊಟ್ಟಿತು. ನೂರು ವರ್ಷಗಳ ಹಿಂದೆ ದಂಡಿನ ಆಸ್ಪತ್ರೆಯನ್ನು ಕಟ್ಟಿಸಿದ್ದ ಅದೇ ಭಯ ಈ ಬಾರಿ ಮೊದಲ ಸಲ ತರಗತಿಯ ಕಡೆ ಮುಖ ಮಾಡಿತು. 2005ರಲ್ಲಿ ಕೇಂದ್ರದ ಶಿಕ್ಷಣ ಇಲಾಖೆಯೂ ಏಡ್ಸ್ ನಿಯಂತ್ರಣ ಸಂಸ್ಥೆಯೂ ಕೂಡಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿದವು. ಒಂಬತ್ತನೆಯ ಮತ್ತು ಹನ್ನೊಂದನೆಯ ತರಗತಿಯವರಿಗೆ ಕೆಲವು ಗಂಟೆಗಳ ಪಾಠ. ಬೆಳೆಯುವ ದೇಹ, ಬದಲಾಗುವ ಮನಸ್ಸು, ರೋಗ, ಬೇಡವೆನ್ನುವ ಧೈರ್ಯ ಇವೆಲ್ಲ ಅದರಲ್ಲಿದ್ದವು.

2007ರಲ್ಲಿ ದೇಶದಲ್ಲಿ ಕೋಲಾಹಲವಾಯಿತು. ಪಾಠದ ಚಿತ್ರಪಟಗಳು ಅಶ್ಲೀಲವೆಂದು ಶಾಸನಸಭೆಗಳಲ್ಲಿ ಕೂಗಾಡಿದರು. ಮಹಾರಾಷ್ಟ್ರ, ಮಧ್ಯಪ್ರದೇಶ ಮೊದಲಾದ ರಾಜ್ಯಗಳೊಡನೆ ನಮ್ಮ ಕರ್ನಾಟಕವೂ ಆ ಪಾಠವನ್ನು ತಡೆಹಿಡಿಯಿತು. 1930ರಲ್ಲಿ ಪ್ರಪಂಚಕ್ಕೆ ಮೇಲ್ಪಂಕ್ತಿ ಹಾಕಿದ ಮೈಸೂರನ್ನು ಒಳಗೊಂಡ ನಾಡು ಇದು. ಎಂ. ವೆಂಕಯ್ಯ ನಾಯ್ಡು ಅವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ 2009ರ ತನ್ನ ವರದಿಯಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಸಲ್ಲದೆಂದಿತು. ಇದು ನಮ್ಮ ಸಂಸ್ಕೃತಿಗೆ ಒಗ್ಗದೆಂಬುದು ವಿರೋಧದ ಮುಖ್ಯ ವಾದವಾಗಿತ್ತು.

ಸಂಸ್ಕೃತಿಯ ಮಾತು ಬಂದದ್ದರಿಂದ ಸಾಹಿತ್ಯಪ್ರಿಯರು ಒಂದು ಸಂಗತಿಯನ್ನು ನೆನೆಯಬಹುದು. ಕನ್ನಡದಲ್ಲಿ ಹನ್ನೊಂದನೆಯ ಶತಮಾನದಲ್ಲಿಯೇ ಚಂದ್ರರಾಜನ ‘ಮದನತಿಲಕ’ವೂ, ಮುಂದೆ ಕಲ್ಲರಸನ ‘ಜನವಶ್ಯ’ವೂ ಹುಟ್ಟಿದವು. ಅವು ನಾಗರಿಕ ವಿಲಾಸದ ಗ್ರಂಥಗಳೇ ಹೊರತು ಹದಿಮೂರರ ಹುಡುಗಿಗೆ ಆರೋಗ್ಯ ಹೇಳುವ ಪುಸ್ತಕಗಳಲ್ಲ, ನಿಜ. ಅವುಗಳನ್ನು ತೋರಿಸಿ ನಮ್ಮ ಪೂರ್ವಿಕರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಬೀಗುವುದು ಬೇಕಿಲ್ಲ. ಆದರೆ ಈ ವಿಷಯವನ್ನು ಬಾಯಲ್ಲಿ ಎತ್ತುವುದೇ ಹೊರಗಿನಿಂದ ಬಂದ ಚಾಳಿಯೆಂದು ಹೇಳುವವರಿಗೆ ಆ ಓಲೆಗರಿಗಳೇ ಅಡ್ಡ ನಿಲ್ಲುತ್ತವೆ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. ಪಾಠವನ್ನು ತಡೆಹಿಡಿದ ಅದೇ 2007ರಲ್ಲಿ ಕೇಂದ್ರದ ಮಹಿಳೆ ಮತ್ತು ಮಕ್ಕಳ ಇಲಾಖೆ 13 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವಿಚಾರಿಸಿ ಒಂದು ವರದಿಯನ್ನು ಹೊರತಂದಿತು. ಅವರಲ್ಲಿ ನೂರಕ್ಕೆ 53 ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಗುರಿಯಾಗಿರುವುದಾಗಿ ಹೇಳಿದ್ದರು. ಕಿರುಕುಳ ಕೊಟ್ಟವರಲ್ಲಿ ಹಲವರು ಮನೆಗೆ ಹತ್ತಿರದವರು, ಮಗು ನಂಬಿದವರು. ತನಗೆ ಆಗುತ್ತಿರುವುದಕ್ಕೆ ಹೆಸರೇ ಗೊತ್ತಿಲ್ಲದ ಮಗು ಅದನ್ನು ಯಾರಲ್ಲಿ, ಯಾವ ಮಾತಿನಲ್ಲಿ ಹೇಳಿಕೊಂಡೀತು? 2012ರಲ್ಲಿ ಮಕ್ಕಳನ್ನು ಕಾಪಾಡಲು ಪೋಕ್ಸೋ ಕಾಯಿದೆ ಬಂದಿತು. ಕಾಯಿದೆ ಕೆಲಸ ಮಾಡಬೇಕಾದರೆ ಮೊದಲು ಮಗು ಬಾಯಿ ಬಿಡಬೇಕು. ಆ ಬಾಯಿಗೆ ಮಾತು ಕೊಡುವ ಪಾಠವನ್ನೇ ನಾವು ನಿಲ್ಲಿಸಿದ್ದೆವು.

ಇದು ನಮ್ಮ ದೇಶದ ಜಾಯಮಾನ ಮಾತ್ರವೆಂದು ಭಾವಿಸಬೇಕಾಗಿಲ್ಲ. ಅಮೆರಿಕದಲ್ಲಿ 1996ರ ಕಾಯಿದೆಯೊಂದು ಮದುವೆಗೆ ಮುನ್ನ ಸಂಯಮವನ್ನು ಮಾತ್ರ ಬೋಧಿಸುವ ಪಾಠಕ್ಕಾಗಿ ವರ್ಷಕ್ಕೆ 50 ದಶಲಕ್ಷ ಡಾಲರು ತೆಗೆದಿಟ್ಟಿತು. ಹಣ ಪಡೆಯುವ ಪಾಠ ಹೇಗಿರಬೇಕೆಂದು ಕಾಯಿದೆಯಲ್ಲಿಯೇ ಎಂಟು ಷರತ್ತುಗಳನ್ನು ಬರೆದರು. ಕ್ಯಾಲಿಫೋರ್ನಿಯ ರಾಜ್ಯ ಆ ಹಣವೇ ಬೇಡವೆಂದಿತು. ಬಹುಪಾಲು ರಾಜ್ಯಗಳು ತೆಗೆದುಕೊಂಡವು. 2007ರಲ್ಲಿ ಅವರ ಸಂಸತ್ತಿನ ಅಪ್ಪಣೆಯಂತೆ ನಡೆದ ಪರಿಶೀಲನೆಯ ವರದಿ ಬಂದಾಗ, ಆ ಪಾಠ ಕೇಳಿದ ಹುಡುಗರ ನಡತೆಗೂ ಕೇಳದವರ ನಡತೆಗೂ ವ್ಯತ್ಯಾಸವಿಲ್ಲವೆಂದು ತಿಳಿಯಿತು. ನಮ್ಮಲ್ಲಿ ಹಣ ಪಾಠವನ್ನು ಬಿಟ್ಟು ಉಪಾಯಕ್ಕೆ ಹೋಯಿತು. ಅಲ್ಲಿ ಉಪಾಯದ ಮಾತನ್ನು ಬಿಟ್ಟ ಪಾಠಕ್ಕೆ ಹೋಯಿತು. ಎರಡೂ ಕಡೆ ಅರ್ಧ ತಿಳಿವಳಿಕೆ ಹುಡುಗರ ಪಾಲಾಯಿತು.

ನಮ್ಮಲ್ಲಿ ಈಚೆಗೆ ಕೆಲವು ಹೆಜ್ಜೆಗಳು ಮುಂದೆ ಬಿದ್ದಿವೆ. 2014ರಲ್ಲಿ ಹದಿಹರೆಯದವರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ, 2020ರಲ್ಲಿ ಆಯುಷ್ಮಾನ್ ಭಾರತದ ಅಡಿಯಲ್ಲಿ ಶಾಲಾ ಆರೋಗ್ಯದ ಪಾಠಕ್ರಮ ಬಂದವು. 2024ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತನ್ನ ತೀರ್ಪೊಂದರಲ್ಲಿ, ಲೈಂಗಿಕ ಶಿಕ್ಷಣ ಪಾಶ್ಚಾತ್ಯರ ವಸ್ತುವೆಂಬ ಭ್ರಮೆಯನ್ನು ಬಿಟ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ತಿಳಿವಳಿಕೆಯನ್ನು ಕೊಡಬೇಕೆಂದು ಹೇಳಿತು. 1938ರಲ್ಲಿ 11 ಮತ ಪಡೆದು ಸೋತ ಮಾತಿಗೆ ದೇಶದ ಅತ್ಯುನ್ನತ ಪೀಠದಿಂದ ದನಿ ಬಂದಂತಾಯಿತು.

ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ತರಗತಿಯಲ್ಲಿ ಪಾಠ ನಡೆಯಿತೆಂದು ಹೇಳುವಂತಿಲ್ಲ. ಈ ಪಾಠಕ್ಕೆ ಕಟ್ಟಡ ಬೇಡ, ಯಂತ್ರ ಬೇಡ. ಬೇಕಾದದ್ದು ಅಂಜದೆ ಅಳುಕದೆ ಹೇಳಬಲ್ಲ ಉಪಾಧ್ಯಾಯರ ತರಬೇತಿ, ಒಳ್ಳೆಯ ಕನ್ನಡದ ಒಂದು ಪುಸ್ತಕ, ತಾಯಿತಂದೆಗಳನ್ನು ಕೂರಿಸಿ ಮರ್ಯಾದೆಯಿಂದ ಮಾತನಾಡುವಷ್ಟು ವ್ಯವಧಾನ. ಭಯದಿಂದ ಬಂದ ಹಣಕ್ಕೆ ಇಂಥ ವ್ಯವಧಾನವಿರುವುದಿಲ್ಲ. ಭಯ ಕಡಮೆಯಾದೊಡನೆ ಅದು ಬೇರೆ ಬಾಬಿಗೆ ಹರಿದುಹೋಗುತ್ತದೆ. ಸಿಪಾಯಿಗಳ ರೋಗ, ಜನಸಂಖ್ಯೆ, ಏಡ್ಸ್ ಈ ಮೂರರ ಚರಿತ್ರೆಯಲ್ಲಿಯೂ ಹಾಗೆಯೇ ಆಯಿತು. ಮೈಸೂರಿನ ಆ ಆಜ್ಞೆಗೆ 2030ರಲ್ಲಿ ನೂರು ವರ್ಷ ತುಂಬುತ್ತದೆ. ಸಭೆಗಳು ನಡೆದಾವು, ಹಾರ ತುರಾಯಿಗಳು ಬಂದಾವು. ಅದಕ್ಕೆ ಮೊದಲು ನಮ್ಮ ಆಯವ್ಯಯದ ಪಟ್ಟಿಯಲ್ಲಿ ಈ ಪಾಠ ಯಾವ ರೋಗದ, ಯಾವ ಸಂಖ್ಯೆಯ ನೆರಳಿನಲ್ಲಿಯೂ ಅವಿತುಕೊಳ್ಳದೆ, ಅಕ್ಷರ ಲೆಕ್ಕಗಳಂತೆ ತನ್ನ ಹೆಸರಿನಲ್ಲಿಯೇ ಒಂದು ಸಾಲು ಪಡೆದರೆ ಆ ನೂರನೆಯ ವರ್ಷಕ್ಕೆ ಅರ್ಥ ಬಂದೀತು.